ಕಸ ಅಂತ ಬದಿಗಿಟ್ಟ ಹದಿಮೂರು ಫೈಲು: ನನ್ನ ಎಂಎಸ್ಸಿ ಪ್ರಾಜೆಕ್ಟಿನ ಕಥೆ

ಹೋದ ಶುಕ್ರವಾರ ನನ್ನ ವೈವಾ ಮುಗಿಯಿತು. ಧಾರವಾಡದ ಸಪ್ತಾಪುರದಲ್ಲಿರುವ ಪಿಜಿಗೆ ಬಂದು ಸಂಜೆ ಆರಕ್ಕೆ ಮಲಗಿದವಳು ಮರುದಿನ ಹತ್ತು ಗಂಟೆಗೆ ಎದ್ದೆ. ಉಪಗ್ರಹದ ಮೇಲಿರುವ ಲ್ಯಾಂಗ್ಮ್ಯೂರ್ ಪ್ರೋಬ್ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಸಣ್ಣ ಲೋಹದ ತುಣುಕು) ಕಳಿಸಿದ ಅಂಕಿಗಳನ್ನು ಇಟ್ಟುಕೊಂಡು ನಮ್ಮ ತಲೆ ಮೇಲಿನ ಅಯಾನುಗೋಳದ (ವಾತಾವರಣದ ಮೇಲುಪದರದ) ಪ್ಲಾಸ್ಮಾ, ಅಂದರೆ ಬಿಡಿಬಿಡಿಯಾದ ಎಲೆಕ್ಟ್ರಾನು-ಅಯಾನುಗಳ ಗುಂಪು, ಹೇಗಿದೆ ಅಂತ ನೋಡುವುದು ನನ್ನ ವಿಷಯ. ಹೇಳಲು ಒಂದೇ ಸಾಲು. ಮಾಡಲು ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳಾದರೂ ನನ್ನ ತಪ್ಪಿನಿಂದಲೇ ಹಾಳಾದವು. ಈ ವರ್ಷ ಇಬ್ಬರು ಜೂನಿಯರ್ ಹುಡುಗಿಯರು ಇದೇ ವಿಷಯ ತಗೊಂಡಿದ್ದಾರೆ. ದಿನಾ ಫೋನ್ ಮಾಡಿ ನಾನು ಕೇಳಿದ ಪ್ರಶ್ನೆಗಳನ್ನೇ ಕೇಳುತ್ತಿದ್ದಾರೆ. ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ.

2023ರ ಆಗಸ್ಟ್‌ನಲ್ಲಿ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಎಲ್ಲರೂ ರೋವರ್ ಬಗ್ಗೆ ಮಾತಾಡುತ್ತಿದ್ದರು. ನನಗೆ ಹಿಡಿಸಿದ್ದು ವಿಕ್ರಮ್ ಮೇಲಿದ್ದ ರಂಭಾ ಅನ್ನುವ ಉಪಕರಣ, ಅದೂ ಲ್ಯಾಂಗ್ಮ್ಯೂರ್ ಪ್ರೋಬೇ. ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಐದು ಸೆಂಟಿಮೀಟರಿನ ಒಂದು ಲೋಹದ ಗುಂಡು, ಹೆಚ್ಚೂಕಡಿಮೆ ಲಿಂಬೆಹಣ್ಣಿನಷ್ಟು. ಅದು ಚಂದ್ರನ ನೆಲದ ಹತ್ತಿರ ಒಂದು ಘನ ಮೀಟರಿನಲ್ಲಿ 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನ್ ಇವೆ ಅಂತ ಲೆಕ್ಕ ಕೊಟ್ಟಿತು. ಒಂದು ಗುಂಡು, ಒಂದಿಷ್ಟು ವೋಲ್ಟೇಜು, ಅಷ್ಟರಲ್ಲೇ ಲೆಕ್ಕ ಸಿಕ್ಕಿತಲ್ಲ! ಎಂಎಸ್ಸಿಗೆ ಬಂದಾಗ ಗೈಡ್ ಸರ್ ಹತ್ತಿರ ಇದನ್ನೇ ಹೇಳಿದೆ. ಅವರು ನಕ್ಕರು. "ಚಂದ್ರ ದೂರ ಆತವಾ. ಮೊದಲ ಧಾರವಾಡದ ಮ್ಯಾಲಿಂದು ನೋಡು" ಅಂದರು.

ಶುರುವಿನಲ್ಲಿ ನನಗೆ ಒಂದು ಹಟ. ನಿಜವಾದ ಪ್ರೋಬನ್ನು ಕಣ್ಣಾರೆ ನೋಡಬೇಕು, ಒಂದು ತಿಂಗಳು ಯಾವುದಾದರೂ ಬಾಹ್ಯಾಕಾಶ ಲ್ಯಾಬಿನಲ್ಲಿ ಕೂತು ಕೆಲಸ ಮಾಡಬೇಕು. ಹೊರಗಿನ ಊರಿನ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ಬೋನಫೈಡ್, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನ ಅಟೆಸ್ಟ್ ಮಾಡಿಸಿದ ಪ್ರತಿ, ಗೈಡ್ ಪತ್ರ, ವಿಭಾಗದ ಮುಖ್ಯಸ್ಥರ ಸಹಿ, ಎನ್‌ಒಸಿ, ಆಧಾರ್, ಎರಡು ಫೋಟೋ. ಸಹಿಗಳಿಗೇ ಎರಡು ವಾರ ಹೋಯಿತು. ಒಬ್ಬರು ಇದ್ದಾಗ ಇನ್ನೊಬ್ಬರು ಪರೀಕ್ಷಾ ಕೆಲಸಕ್ಕೆ ಹೋಗಿರುತ್ತಿದ್ದರು. ಆಮೇಲೆ ಒಂಬತ್ತು ವಾರ ಕಾದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಮೇಲ್ ನೋಡುವುದು, ಆಮೇಲೆ ಹಲ್ಲುಜ್ಜುವುದು. ಕೊನೆಗೆ ಎರಡು ಸಾಲಿನ ಉತ್ತರ ಬಂತು: ಈ ಸಾಲಿನ ಸೀಟು ತುಂಬಿವೆ. ಅವತ್ತು ಸಂಜೆ ಮಿರ್ಚಿ-ಗಿರ್ಮಿಟ್ ಅಂಗಡಿ ಮುಂದೆ ನಿಂತು ಅತ್ತಿದ್ದೇನೆ, ಖಾರಕ್ಕೆ ಅಂತ ಗೆಳತಿಗೆ ಸುಳ್ಳು ಹೇಳಿದೆ. ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಉತ್ತರ ಬರುವ ತನಕ ಕೈಕಟ್ಟಿ ಕೂರಬೇಡಿ. ಈ ಪ್ರಾಜೆಕ್ಟಿಗೆ ಬೇಕಾದ ಡೇಟಾಕ್ಕೆ ಯಾರ ಸಹಿಯೂ ಬೇಕಿಲ್ಲ. ಅದು ನನಗೆ ಗೊತ್ತಾದಾಗ ಡಿಸೆಂಬರ್ ಬಂದಿತ್ತು.

ಜನವರಿಯಲ್ಲಿ ಸರ್ ಒಂದು ಉಪಾಯ ಮಾಡಿದರು. ಹುಬ್ಬಳ್ಳಿಯಲ್ಲಿ ಅವರ ಗೆಳೆಯರೊಬ್ಬರ ಲ್ಯಾಬಿನಲ್ಲಿ ಹಳೆಯ ಡಿಸ್ಚಾರ್ಜ್ ಟ್ಯೂಬ್ ಇತ್ತು, ಅಂದರೆ ಒಳಗೆ ವಿದ್ಯುತ್ ಹಾಯಿಸಿ ಪ್ಲಾಸ್ಮಾ ಮಾಡುವ ಕೊಳವೆ. ಗಾಳಿ ತೆಗೆಯಲು ರೋಟರಿ ಪಂಪು, ಒಳಗೆ ಟಂಗ್‌ಸ್ಟನ್ ತಂತಿಯ ಸಣ್ಣ ಪ್ರೋಬು. ನಾಲ್ಕು ದಿನ ಧಾರವಾಡದಿಂದ ಓಡಾಡಿದೆ. ಸಾದಾ ಬಸ್ಸಿಗೆ ಹೋದರೆ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ, ಚಿಗರಿ ಅನ್ನುವ ಎಸಿ ಬಸ್ಸು ಹತ್ತಿದರೆ ದುಡ್ಡು ಹೋದರೂ ನಿದ್ದೆ ಸಿಗುತ್ತದೆ. ಮೊದಲ ಎರಡು ದಿನ ಪಂಪಿನ ರಬ್ಬರ್ ವಾಷರ್ ಸೋರುತ್ತಿತ್ತು, ಪ್ಲಾಸ್ಮಾ ಹತ್ತಲೇ ಇಲ್ಲ. ಮೂರನೆಯ ದಿನ ಟ್ಯೂಬಿನೊಳಗೆ ನಸುಗೆಂಪು ಬೆಳಕು ಬಂತು.

ಇಲ್ಲಿ ಕಲಿತಿದ್ದೇ ಆಮೇಲೆ ಎಲ್ಲ ಕಡೆ ಕೈಹಿಡಿಯಿತು. ಪ್ರೋಬಿಗೆ ಜಾಸ್ತಿ ಋಣ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ದೂರ ಸರಿಯುತ್ತವೆ, ಧನ ಅಯಾನುಗಳಷ್ಟೇ ಬರುತ್ತವೆ. ಕರೆಂಟ್ ಸಣ್ಣದು. ವೋಲ್ಟೇಜ್ ಮೆಲ್ಲಗೆ ಏರಿಸುತ್ತಾ ಹೋದರೆ ಜಾಸ್ತಿ ವೇಗದ ಎಲೆಕ್ಟ್ರಾನುಗಳು ಮೊದಲು ನುಗ್ಗುತ್ತವೆ. ಒಂದು ಹಂತದಲ್ಲಿ ಅಯಾನು, ಎಲೆಕ್ಟ್ರಾನು ಸಮ ಸಮ ಆಗಿ ಕರೆಂಟ್ ಸೊನ್ನೆಯಾಗುತ್ತದೆ. ಇನ್ನೂ ಏರಿಸಿದರೆ ಕರೆಂಟ್ ಜಿಗಿದು ಆಮೇಲೆ ಬಾಗಿ ನಿಲ್ಲುತ್ತದೆ. ನಡುವಿನ ಆ ಏರು ಭಾಗದಲ್ಲಿ ಕರೆಂಟಿನ ಲಾಗರಿದಮ್ ತೆಗೆದು ಗೆರೆ ಎಳೆದರೆ ಅದರ ಇಳಿಜಾರು ಎಲೆಕ್ಟ್ರಾನ್ ಉಷ್ಣತೆ ಹೇಳುತ್ತದೆ. ಕರೆಂಟ್ ಎಷ್ಟು ದೊಡ್ಡದು ಅನ್ನುವುದು ಸಾಂದ್ರತೆ ಹೇಳುತ್ತದೆ. ಇರ್ವಿಂಗ್ ಲ್ಯಾಂಗ್ಮ್ಯೂರ್ 1920ರ ದಶಕದಲ್ಲಿ ಮಾಡಿದ್ದೂ ಇಷ್ಟೇ. ಪ್ಲಾಸ್ಮಾ ಅನ್ನುವ ಹೆಸರಿಟ್ಟವರೂ ಅವರೇ. ಹುಬ್ಬಳ್ಳಿಯ ಟ್ಯೂಬಿನಲ್ಲಿ ಉಷ್ಣತೆ ಇಪ್ಪತ್ತು ಸಾವಿರ ಕೆಲ್ವಿನ್ ದಾಟಿತ್ತು. ಅಯಾನುಗೋಳದಲ್ಲಿ ಒಂದರಿಂದ ಮೂರು ಸಾವಿರ.

ಇದನ್ನು ಊರಲ್ಲಿ ಹೇಳಿದಾಗ ಅವ್ವ ಕೇಳಿದ ಪ್ರಶ್ನೆ ಯಾವ ಸೆಮಿನಾರಿನಲ್ಲೂ ಯಾರೂ ಕೇಳಲಿಲ್ಲ. "ಅಷ್ಟ್ ಬಿಸಿ ಇದ್ದರ ಉಪಗ್ರಹ ಕರಗಂಗಿಲ್ಲೇನವಾ?" ದೀಪಾವಳಿಯ ಸುರುಸುರು ಬತ್ತಿಯ ಕಿಡಿ ಕೈಮೇಲೆ ಬಿದ್ದರೆ ಸುಡುವುದಿಲ್ಲವಲ್ಲ, ಹಾಗೆ ಅಂದೆ. ಒಂದೊಂದು ಕಿಡಿ ಬಿಸಿಯೇ, ಆದರೆ ಎಷ್ಟು ಕಿಡಿ ಇವೆ? ಅಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ ಹೆಚ್ಚೆಂದರೆ ಹತ್ತಿಪ್ಪತ್ತು ಲಕ್ಷ ಎಲೆಕ್ಟ್ರಾನ್. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಅಣುಗಳು ಎರಡರ ಮುಂದೆ 19 ಸೊನ್ನೆ ಬರೆದಷ್ಟು. ಅವ್ವ ರೊಟ್ಟಿ ತಟ್ಟುವುದು ನಿಲ್ಲಿಸದೆ "ಹಂಗಂದ್ರ ಅದು ಬಯಲ ಅನ್ನು" ಅಂದಳು.

ಇನ್ನು ಡೇಟಾ. ನಾನು ಬಳಸಿದ್ದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸ್ವಾರ್ಮ್ ಉಪಗ್ರಹಗಳದ್ದು, ಸರ್ ಹೇಳಿದ 2014ರ ವರ್ಷದ್ದು. 2013ರ ನವೆಂಬರ್ 22ರಂದು ಮೂರನ್ನು ಒಟ್ಟಿಗೆ ಹಾರಿಸಿದರು. 2014ರ ಏಪ್ರಿಲ್ ಹೊತ್ತಿಗೆ ಎ ಮತ್ತು ಸಿ ಅಕ್ಕಪಕ್ಕದಲ್ಲಿ ಸುಮಾರು 460 ಕಿಲೋಮೀಟರ್ ಎತ್ತರದಲ್ಲಿ, ಬಿ ಐನೂರರ ಮೇಲೆ ನೆಲೆಯಾದವು. ಭೂಮಿಯ ಕಾಂತಕ್ಷೇತ್ರ ಅಳೆಯುವುದು ಇವುಗಳ ಮುಖ್ಯ ಕೆಲಸ. ಜತೆಗೆ ಪ್ರತಿಯೊಂದರಲ್ಲೂ ಎರಡೆರಡು ಸಣ್ಣ ಪ್ರೋಬ್ ಗುಂಡುಗಳಿವೆ. ಎಂಟು ಮಿಲಿಮೀಟರ್ ಅಗಲ, ಬಟಾಣಿಯಷ್ಟು. ಒಂದಕ್ಕೆ ಬಂಗಾರದ ಲೇಪ, ಇನ್ನೊಂದಕ್ಕೆ ಟೈಟಾನಿಯಂ ನೈಟ್ರೈಡ್ ಲೇಪ. ಸೆಕೆಂಡಿಗೆ ಎರಡು ಸಲ ಅಳತೆ. ಡೇಟಾ ಪೂರ್ತಿ ಪುಕ್ಕಟೆ. ವೈರೆಸ್ ಅನ್ನುವ ಜಾಲತಾಣದಲ್ಲಿ ಒಂದು ಖಾತೆ ತೆರೆದರೆ ಬೇಕಾದ ದಿನ, ಬೇಕಾದ ಜಾಗ ಆರಿಸಿ ಇಳಿಸಿಕೊಳ್ಳಬಹುದು.

ನನಗೆ ಆ ಜಾಣತನ ಇರಲಿಲ್ಲ. ನಾನು ಇಡೀ ದಿನದ ಫೈಲುಗಳನ್ನು, ಇಡೀ ಭೂಮಿಯದ್ದನ್ನು, ಪಿಜಿಯ ವೈಫೈನಲ್ಲಿ ರಾತ್ರಿಯಿಡೀ ಇಳಿಸಿದೆ. ಸೆಕೆಂಡಿಗೆ ಎರಡು ಅಂದರೆ ದಿನಕ್ಕೆ 1,72,800 ಸಾಲು. ಅದನ್ನು ಎಕ್ಸೆಲ್ಲಿಗೆ ಹಾಕುವ ಹುಚ್ಚು ಬೇರೆ. ಎಕ್ಸೆಲ್ಲಿನಲ್ಲಿ ಹಿಡಿಯುವುದು 10,48,576 ಸಾಲು. ಆರು ದಿನ ತುಂಬಿತು, ಏಳನೆಯದಕ್ಕೆ ಲ್ಯಾಪ್‌ಟಾಪ್ ಫ್ಯಾನು ಗಿರಣಿ ಹಾಗೆ ಕೂಗಿ ನಿಂತಿತು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಒಯ್ದು ಎಸ್‌ಎಸ್‌ಡಿ ಹಾಕಿಸಿದೆ, ಮೆಮೊರಿ ಏರಿಸಿದೆ. 4,600 ರೂಪಾಯಿ. ಇಡೀ ಪ್ರಾಜೆಕ್ಟಿನಲ್ಲಿ ದೊಡ್ಡ ಖರ್ಚು ಅದೇ. ಬೇಕಾಗಿರಲಿಲ್ಲ ಅಂತ ಈಗ ಅನಿಸುತ್ತದೆ. 70ರಿಂದ 80 ಡಿಗ್ರಿ ಪೂರ್ವ ರೇಖಾಂಶದ ನಡುವೆ ಹಾದುಹೋಗುವ ತುಣುಕುಗಳನ್ನಷ್ಟೇ ತಗೊಂಡಿದ್ದರೆ ಹಳೆಯ ಲ್ಯಾಪ್‌ಟಾಪೇ ಸಾಕಿತ್ತು. ಎಕ್ಸೆಲ್ ಬಿಡಿ, ಪೈಥಾನ್ ಹಿಡಿಯಿರಿ. ಫೈಲುಗಳು ಸಿಡಿಎಫ್ ರೂಪದಲ್ಲಿ ಬರುತ್ತವೆ. ಅದರಲ್ಲಿ ಸಮಯ ಕ್ರಿಸ್ತಶಕ ಸೊನ್ನೆಯಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿರುತ್ತದೆ. ಅಷ್ಟುದ್ದದ ಅಂಕಿ ನೋಡಿ ನಾನು ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆ.

ಸಮಯದ್ದು ಇನ್ನೊಂದು ಮೋಸ. ಫೈಲಿನಲ್ಲಿ ಇರುವುದು ಗ್ರೀನಿಚ್ ಸಮಯ. ನಾನು ಅದಕ್ಕೆ ಐದೂವರೆ ಗಂಟೆ ಕೂಡಿಸಿ ಸ್ಥಳೀಯ ಸಮಯ ಅಂತ ಬರೆದುಕೊಂಡೆ. ಆದರೆ ಅಯಾನುಗೋಳ ನಮ್ಮ ಕೈಗಡಿಯಾರ ನೋಡುವುದಿಲ್ಲ, ಸೂರ್ಯನನ್ನು ನೋಡುತ್ತದೆ. ಧಾರವಾಡ ಇರುವುದು 75 ಡಿಗ್ರಿ ಪೂರ್ವದಲ್ಲಿ. ಹದಿನೈದು ಡಿಗ್ರಿಗೆ ಒಂದು ಗಂಟೆ ಅಂದರೆ ಸರಿಯಾಗಿ ಐದು ಗಂಟೆ. ನಮ್ಮ ಸೂರ್ಯ ಭಾರತದ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಸೂರ್ಯಾಸ್ತದ ಆಸುಪಾಸಿನಲ್ಲಿ ಅರ್ಧ ಗಂಟೆ ಅಂದರೆ ಸಣ್ಣ ಮಾತಲ್ಲ.

ಫೆಬ್ರುವರಿಯಲ್ಲಿ ಊರಿಂದ ಅಪ್ಪನ ಫೋನು. "ಮೆಣಸಿನಕಾಯಿ ಬಿಡಸಾಕ ಆಳು ಸಿಗವಲ್ರು. ಆ ಉಪಗ್ರಹ ಎಲ್ಲಿಗೂ ಹೋಗಂಗಿಲ್ಲ, ಎರಡ್ ದಿನ ಬಾ." ಹೋದೆ. ಅಪ್ಪನ ಮಾತಿನಲ್ಲಿ ಒಂದು ತಪ್ಪಿತ್ತು, ಉಪಗ್ರಹ ಎಲ್ಲಿಗೋ ಹೋಗುತ್ತದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮೂರೇ ಸೆಕೆಂಡು. ಇಡೀ ಕರ್ನಾಟಕವನ್ನು ದಕ್ಷಿಣೋತ್ತರವಾಗಿ ದಾಟಲು ಎರಡು ನಿಮಿಷವೂ ಬೇಡ. ಅಷ್ಟರಲ್ಲಿ ನಮಗೆ ಸಿಗುವುದು ಇನ್ನೂರು ಚಿಲ್ಲರೆ ಬಿಂದು. ಅದೂ ದಿನಾ ಸಿಗುವುದಿಲ್ಲ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಸುಮಾರು 24 ಡಿಗ್ರಿ ಅಂತರ. ನಮ್ಮ ಹತ್ತು ಡಿಗ್ರಿಯ ಕಿಂಡಿಯೊಳಗೆ ಒಂದೇ ದಿಕ್ಕಿನ ಹಾದಿ ಬೀಳುವುದು ಎರಡು ಮೂರು ದಿನಕ್ಕೊಮ್ಮೆ.

ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಬೇರೆ. ಉಪಗ್ರಹ ನಮ್ಮ ಮೇಲೆ ಬರುವ ಹೊತ್ತು ದಿನಕ್ಕೆ ಐದೂವರೆ ನಿಮಿಷದಷ್ಟು ಹಿಂದೆ ಸರಿಯುತ್ತಾ ಹೋಗುತ್ತದೆ. ಉತ್ತರಕ್ಕೆ ಹೋಗುವ, ದಕ್ಷಿಣಕ್ಕೆ ಬರುವ ಎರಡೂ ಹಾದಿ ಸೇರಿಸಿದರೂ ಇಪ್ಪತ್ನಾಲ್ಕೂ ಗಂಟೆಯನ್ನು ಮುಟ್ಟಲು 133 ದಿನ ಬೇಕು. ನನಗೆ ಬೇಕಾಗಿದ್ದು ಸಂಜೆ. ನಾನು ಮೊದಲು ಇಳಿಸಿಕೊಂಡ ಆರು ವಾರಗಳ ಡೇಟಾದಲ್ಲಿ ಸಂಜೆಯ ಹಾದಿ ಒಂದೂ ಇರಲಿಲ್ಲ! ಗ್ರಾಫು ಹಾಕಿ ಹಾಕಿ ನೋಡಿದೆ, ಎಲ್ಲ ಸಪ್ಪೆ. ಡೇಟಾ ಇಳಿಸುವ ಮೊದಲು ಒಂದೇ ಒಂದು ದಿನದ ಫೈಲು ತೆಗೆದು ಹಾದಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಮಾರ್ಚ್ ಹೊತ್ತಿಗೆ ಸರಿಯಾದ ದಿನಗಳು ಸಿಕ್ಕವು. ಹಗಲಿನ ಹಾದಿಗಳಲ್ಲಿ ಪುಸ್ತಕದಲ್ಲಿ ಓದಿದ್ದೇ ಕಂಡಿತು. ಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ಮೇಲೆ ಸಾಂದ್ರತೆಯ ತಗ್ಗು, ಎರಡೂ ಕಡೆ ಡುಬ್ಬ. ಸಮಭಾಜಕದಲ್ಲಿ ಪ್ಲಾಸ್ಮಾ ಕಾರಂಜಿ ಹಾಗೆ ಮೇಲೆದ್ದು ಕಾಂತರೇಖೆಗಳ ಗುಂಟ ಇಳಿದು ಆಚೀಚೆ ಗುಡ್ಡೆಯಾಗುತ್ತದೆ. ಆ ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ತುಂಬಾ ಅನ್ನುವ ಮೀನುಗಾರರ ಊರನ್ನು ಆರಿಸಿದ್ದು ಅದಕ್ಕೇ. ನಮ್ಮ ಧಾರವಾಡ ಆ ತಗ್ಗಿಗೂ ಉತ್ತರದ ಡುಬ್ಬಕ್ಕೂ ನಡುವಿನ ಏರಿನಲ್ಲಿದೆ. ಗ್ರಾಫಿನಲ್ಲಿ ಊರಿನ ಜಾಗಕ್ಕೆ ಚುಕ್ಕೆ ಇಟ್ಟು ಪಿಜಿಯಲ್ಲಿ ಎಲ್ಲರಿಗೂ ತೋರಿಸಿದೆ.

ಆದರೆ ಸಂಜೆ ಏಳೆಂಟರ ಮೇಲಿನ ಕೆಲವು ಹಾದಿಗಳು ವಿಚಿತ್ರವಾಗಿದ್ದವು. ನುಣ್ಣಗೆ ಹೋಗುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಹತ್ತರಲ್ಲಿ ಒಂದು ಪಾಲಿಗೆ, ಒಮ್ಮೊಮ್ಮೆ ಇನ್ನೂ ಕೆಳಗೆ ಬೀಳುವುದು, ಕೆಲವು ಸೆಕೆಂಡು ಬಿಟ್ಟು ಮತ್ತೆ ಏಳುವುದು, ಮತ್ತೆ ಬೀಳುವುದು. ಗರಗಸದ ಹಲ್ಲಿನ ಹಾಗೆ. ನಾನು ಇದನ್ನು ಪ್ರೋಬಿನ ದೋಷ ಅಂದುಕೊಂಡೆ. ಸರಾಸರಿಯಿಂದ ದೂರ ಇದ್ದದ್ದನ್ನೆಲ್ಲ ಅಳಿಸುವ ನಾಲ್ಕು ಸಾಲಿನ ಕೋಡ್ ಬರೆದೆ. ತೀರಾ ಹಾಳಾಗಿ ಕಂಡ ಹದಿಮೂರು ಹಾದಿಗಳನ್ನು ಒಂದು ಬೇರೆ ಫೋಲ್ಡರಿಗೆ ಹಾಕಿದೆ. ಫೋಲ್ಡರಿನ ಹೆಸರು "ಕಸ". ಉಳಿದದ್ದರ ಮೇಲೆ ಮೂರು ವಾರ ಕೂತು ಸರಾಸರಿ ತೆಗೆದು, ಬಣ್ಣ ಬಣ್ಣದ ಗ್ರಾಫ್ ಮಾಡಿ, ಒಂದು ಅಧ್ಯಾಯವನ್ನೇ ಬರೆದೆ. ಎಷ್ಟು ಚೆಂದ ಇತ್ತು ಅಂದರೆ, ನನಗೇ ದೃಷ್ಟಿ ತಾಗಬೇಕು ಅಷ್ಟು.

ಸರ್ ಅದನ್ನು ಓದಿದರು. ಕನ್ನಡಕ ತೆಗೆದು ಕೇಳಿದರು, "ಸಂಜಿ ಹಾದಿ ಇಷ್ಟ ಇದ್ದೂ ಏನ?"

"ಇಲ್ಲ ಸರ್, ಹದಿಮೂರು ಕೆಟ್ಟಿದ್ದವು, ತೆಗೆದೆ."

"ಕೆಟ್ಟಾವು ಅಂತ ಯಾರ ಹೇಳಿದ್ರು?"

ನಾನು ಸುಮ್ನೆ ನಿಂತೆ. ಅವರು ಬೈಯಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ. "ಎ ಉಪಗ್ರಹದ್ದು ಬಿಡು. ಅದ ರಾತ್ರಿ ಸಿ ಉಪಗ್ರಹಕ್ಕ ಏನ್ ಕಂಡೈತಿ ನೋಡ್ಕೊಂಡ್ ಬಾ" ಅಂದರು ಅಷ್ಟೆ.

ಎ ಮತ್ತು ಸಿ ಆಗ ಒಂದಕ್ಕೊಂದು ಸುಮಾರು 150 ಕಿಲೋಮೀಟರ್ ದೂರದಲ್ಲಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ ಹಾರುತ್ತಿದ್ದವು. ಎರಡು ಬೇರೆ ಉಪಗ್ರಹ, ಬೇರೆ ಪ್ರೋಬು, ಬೇರೆ ಸರ್ಕಿಟ್ಟು. ಒಂದರ ಉಪಕರಣ ಕೆಟ್ಟರೆ ಇನ್ನೊಂದಕ್ಕೆ ಅದೇ ರಾತ್ರಿ, ಅದೇ ಜಾಗದಲ್ಲಿ ಯಾಕೆ ಕೆಡಬೇಕು? ರಾತ್ರಿ ಹನ್ನೊಂದಕ್ಕೆ ಸಿ ಫೈಲು ತೆರೆದೆ. ಅದೇ ಗರಗಸ. ಹಲ್ಲುಗಳ ಆಕಾರ ಚೂರು ಬೇರೆ, ಜಾಗ ಹೆಚ್ಚೂಕಡಿಮೆ ಅದೇ. ಎರಡನೆಯ ರಾತ್ರಿಯದು ನೋಡಿದೆ. ಮೂರನೆಯದು ನೋಡಿದೆ. ಹೊಟ್ಟೆಯಲ್ಲಿ ಏನೋ ಇಳಿದ ಹಾಗಾಯಿತು. ಖುಷಿಯೋ ಸಂಕಟವೋ ಗೊತ್ತಾಗಲಿಲ್ಲ. ಮೂರು ವಾರದ ಅಧ್ಯಾಯ ಹೋಯಿತಲ್ಲ.

ಅವು ಪ್ಲಾಸ್ಮಾ ಗುಳ್ಳೆಗಳು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಗಿನ ಭಾಗದಲ್ಲಿ ಎಲೆಕ್ಟ್ರಾನು, ಅಯಾನು ಬೇಗ ಸೇರಿ ಖಾಲಿಯಾಗುತ್ತವೆ, ಮೇಲಿನದು ದಟ್ಟವಾಗೇ ಉಳಿಯುತ್ತದೆ. ಎಣ್ಣೆಯ ಮೇಲೆ ನೀರು ನಿಲ್ಲಿಸಿದ ಹಾಗೆ. ಆ ಜೋಡಣೆ ನಿಲ್ಲುವುದಿಲ್ಲ. ಕೆಳಗಿನ ತೆಳು ಪ್ಲಾಸ್ಮಾ ಗುಳ್ಳೆಯಾಗಿ ಮೇಲೆ ನುಗ್ಗುತ್ತದೆ, ನೂರಾರು ಕಿಲೋಮೀಟರ್ ಏರುತ್ತದೆ. ಅದರೊಳಗಿಂದ ಬರುವ ಜಿಪಿಎಸ್ ಸಂಕೇತ ನಡುಗುತ್ತದೆ. 1938ರಷ್ಟು ಹಿಂದೆಯೇ ಪೆರು ದೇಶದ ವಾಂಕಾಯೊದಲ್ಲಿ ರೇಡಿಯೊ ಅಲೆ ಕಳಿಸಿ ನೋಡುತ್ತಿದ್ದವರು ಇದರ ಸುಳಿವು ಹಿಡಿದಿದ್ದರು. ನಮ್ಮ ರೇಖಾಂಶದಲ್ಲಿ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಅದರಲ್ಲೂ ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಜಾಸ್ತಿ. 2014 ಅಂಥ ವರ್ಷ. ಸರ್ ಆ ವರ್ಷವನ್ನೇ ಯಾಕೆ ಆರಿಸಿ ಕೊಟ್ಟಿದ್ದರು ಅಂತ ನನಗೆ ಆಗ ತಿಳಿಯಿತು. ಮೊದಲೇ ಹೇಳಬಹುದಿತ್ತಲ್ಲ ಸರ್ ಅಂತ ಕೇಳಿದ್ದಕ್ಕೆ ಚಹಾ ಕುಡಿಸಿದರು, ಉತ್ತರ ಕೊಡಲಿಲ್ಲ. ಇದರ ಬಗ್ಗೆ ನನಗೆ ಇವತ್ತಿಗೂ ಸಣ್ಣ ಸಿಟ್ಟಿದೆ.

ಇನ್ನೊಂದು ಹೊಟ್ಟೆಕಿಚ್ಚಿನ ವಿಷಯ. ಈ ಗುಳ್ಳೆಗಳನ್ನು ಗುರುತಿಸಿದ ಸಿದ್ಧ ಫೈಲು ಸ್ವಾರ್ಮ್‌ನವರ ಹತ್ತಿರವೇ ಇದೆ. ಐಬಿಐ ಅಂತ ಅದರ ಹೆಸರು. ಕಾಂತಕ್ಷೇತ್ರದ ಏರಿಳಿತವನ್ನೂ ಪ್ಲಾಸ್ಮಾ ಸಾಂದ್ರತೆಯನ್ನೂ ಕೂಡಿಸಿ ನೋಡಿ ಇಲ್ಲಿ ಗುಳ್ಳೆ ಇದೆ, ಇಲ್ಲಿ ಇಲ್ಲ ಅಂತ ಗುರುತು ಹಾಕಿರುತ್ತಾರೆ. ನನ್ನ ಹದಿಮೂರನ್ನು ಅದರ ಜತೆ ಹೋಲಿಸಿದ್ದೇ ಕೊನೆಗೆ ನಾಲ್ಕನೆಯ ಅಧ್ಯಾಯವಾಯಿತು. ಡೇಟಾದ ಪ್ರತಿ ಅಂಕಿಯ ಪಕ್ಕ ಒಂದು ಫ್ಲ್ಯಾಗ್ ಕೂಡ ಇರುತ್ತದೆ, ಅಳತೆ ನಂಬುವಂಥದ್ದೋ ಅಲ್ಲವೋ ಅಂತ ಅದೇ ಹೇಳುತ್ತದೆ. ನಾನು ಅದನ್ನು ನೋಡದೆ ಕಣ್ಣಳತೆಯಲ್ಲಿ ತೀರ್ಪು ಕೊಟ್ಟಿದ್ದೆ.

ಏಪ್ರಿಲ್, ಮೇ ಪೂರ್ತಿ ಮತ್ತೆ ಬರೆಯುವುದರಲ್ಲಿ ಕಳೆಯಿತು. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಬಿಸಿಲು, ಕರೆಂಟ್ ಹೋಗುವುದು, ಮಂಡಾಳ ಒಗ್ಗರಣೆ. ನಕಲು ಪರಿಶೀಲನೆಯಲ್ಲಿ ಸೂತ್ರಗಳ ಭಾಗವನ್ನೂ ನಕಲು ಅಂತ ತೋರಿಸಿತು, ಎರಡು ಸಲ ತಿದ್ದಬೇಕಾಯಿತು. ಬೈಂಡಿಂಗ್ ನಾಲ್ಕು ಪ್ರತಿಗೆ 1,800 ರೂಪಾಯಿ. ಬಣ್ಣದ ಪುಟಗಳನ್ನು ಬೇರೆ ಮಾಡಿ ಕೊಟ್ಟರೆ ಕಡಿಮೆಯಾಗುತ್ತದೆ, ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ಮೇಡಂ. ಮೊದಲ ಪ್ರಶ್ನೆ: "ಸ್ವಾರ್ಮ್ ಸಾಂದ್ರತೆಯನ್ನು ಅಯಾನು ಕರೆಂಟಿನಿಂದ ತೆಗೀತಾರೆ, ಎಲೆಕ್ಟ್ರಾನಿನಿಂದ ಅಲ್ಲ. ಯಾಕಮ್ಮಾ?" ಇದಕ್ಕೆ ತಯಾರಾಗಿದ್ದೆ. ಮಳೆಯಲ್ಲಿ ಬೈಕ್ ಓಡಿಸಿದರೆ ಎದೆ ತೊಯ್ಯುತ್ತದೆ, ಬೆನ್ನು ಒಣಗಿರುತ್ತದೆ. ಹನಿಗಿಂತ ಬೈಕಿನ ವೇಗ ಜಾಸ್ತಿ ಇದ್ದರೆ ಎಷ್ಟು ಹನಿ ಬಡಿಯುತ್ತವೆ ಅನ್ನುವುದನ್ನು ಬೈಕೇ ನಿರ್ಧರಿಸುತ್ತದೆ. ಅಲ್ಲಿ ಆಮ್ಲಜನಕದ ಅಯಾನು ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಉಪಗ್ರಹ ಏಳೂವರೆಯಲ್ಲಿ ನುಗ್ಗುತ್ತದೆ. ಹಾಗಾಗಿ ಕರೆಂಟ್ ನೋಡಿದರೆ ಎಷ್ಟು ಅಯಾನು ಇದ್ದವು ಅಂತ ನೇರ ಲೆಕ್ಕ. ಎಲೆಕ್ಟ್ರಾನು ಇನ್ನೂರು ಕಿಲೋಮೀಟರಿಗಿಂತ ಜೋರು, ಅದಕ್ಕೆ ಉಪಗ್ರಹ ನಿಂತ ಹಾಗೆಯೇ. ಮೇಡಂ ತಲೆಯಾಡಿಸಿದರು. "ಎಲ್ಲ ಅಯಾನೂ ಆಮ್ಲಜನಕದ್ದೇ ಅಂತ ಲೆಕ್ಕ ಹಾಕಿದ್ದಾರೆ ಅನ್ನೋದು ನೆನಪಿರಲಿ" ಅಂತ ಸೇರಿಸಿದರು.

ಎರಡನೆಯದಕ್ಕೆ ತಡವರಿಸಿದೆ. "ಪ್ರೋಬಿನ ಮೇಲೆ ಬಿಸಿಲು ಬಿದ್ದರೆ?" ಬಿಸಿಲು ಬಿದ್ದರೆ ಲೋಹದಿಂದ ಎಲೆಕ್ಟ್ರಾನು ಹೊರಗೆ ಹಾರುತ್ತದೆ, ಅದು ನನಗೆ ಗೊತ್ತು. ಎಲೆಕ್ಟ್ರಾನು ಹೊರಗೆ ಹೋದದ್ದು ಸರ್ಕಿಟ್ಟಿಗೆ ಅಯಾನು ಒಳಗೆ ಬಂದ ಹಾಗೇ ಕಾಣುತ್ತದೆ ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಅವರೇ ಹೇಳಿಕೊಟ್ಟರು. ಉಷ್ಣತೆಯ ಬಗ್ಗೆಯೂ ಕೇಳುತ್ತಾರೆ. ಈ ಪ್ರೋಬುಗಳು ಎಲೆಕ್ಟ್ರಾನ್ ಉಷ್ಣತೆಯನ್ನು ನೆಲದ ರಾಡಾರುಗಳಿಗಿಂತ ಕೆಲವು ನೂರು ಕೆಲ್ವಿನ್ ಜಾಸ್ತಿ ತೋರಿಸುತ್ತವೆ. ತಿದ್ದಿದ್ದೀರೋ ಇಲ್ಲವೋ ಹೇಳಲು ತಯಾರಿರಿ.

ಕೊನೆಗೆ ಮೇಡಂ ನನ್ನ ಲ್ಯಾಪ್‌ಟಾಪಿನಲ್ಲಿ ಮೂಲ ಗ್ರಾಫು ನೋಡಬೇಕು ಅಂದರು. ತೆರೆದೆ. ಪರದೆಯ ಮೇಲೆ ದೊಡ್ಡದಾಗಿ ಫೋಲ್ಡರಿನ ಹೆಸರು: ಕಸ. ಸರ್ ಕಿಟಕಿ ಕಡೆ ತಿರುಗಿ ನಕ್ಕರು. ಮೇಡಂ ಏನೂ ಕೇಳಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡರೆ ನೋ ಡ್ಯೂಸ್ ಹಾಳೆಗೆ ಸಹಿ ಹಾಕಿಸಲು ಹೋದಾಗ ಪ್ರಬಂಧದ ಪ್ರತಿಯನ್ನು ಸಿಡಿಯಲ್ಲಿ ಕೊಡಿ ಅಂದರು. ಪೆನ್‌ಡ್ರೈವ್ ನಡೆಯುವುದಿಲ್ಲವಂತೆ. ನಮ್ಮ ಪಿಜಿಯ ಇಪ್ಪತ್ತೆರಡು ಹುಡುಗಿಯರಲ್ಲಿ ಒಬ್ಬಳ ಲ್ಯಾಪ್‌ಟಾಪಿಗೂ ಸಿಡಿ ಹಾಕುವ ಬಾಯಿಲ್ಲ. ಊರೆಲ್ಲ ಅಲೆದು ಕೊನೆಗೆ ಒಂದು ಹಳೆಯ ಫೋಟೋ ಸ್ಟುಡಿಯೋದಲ್ಲಿ ಬರೆಸಿದೆ. ಅರವತ್ತು ರೂಪಾಯಿ, ಕವರು ಬೇರೆ ಹತ್ತು. ಎರಡು ಪ್ರತಿ ಮಾಡಿಸಿ, ಒಂದು ಓಪನ್ ಆಗಲಿಲ್ಲ ಅಂತ ವಾಪಸ್ ಕಳಿಸುತ್ತಾರೆ.